ಕಿಟಕಿ

ಬಿಷ್ಕೆಕ್. ಓಶ್ ಬಜಾರಿನ ಹಿಂಬದಿ,
ಬೀಗ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ನಮ್ಮ ಗಿರವಿ ಅಂಗಡಿ.
ಕಬ್ಬಿಣದ ಸರಳು, ಅದರಡಿ ಅಂಗೈ ಅಗಲದ ಕಂಡಿ.
ಮುಖಕ್ಕಿಂತ ಮೊದಲು ನನಗೆ ಕೈ ಕಾಣುತ್ತದೆ.
ಉಂಗುರ ಕಳಚಿದ ಮೇಲೂ ಬೆರಳ ಸುತ್ತ
ಬಿಳಿಚಿದ ಗೆರೆಯೊಂದು ಉಳಿದಿರುತ್ತದೆ.
ಅದಕ್ಕೆ ನಾವು ಸಾಲ ಕೊಡುವುದಿಲ್ಲ.

ಹನ್ನೊಂದು ವರ್ಷ.
ತೂಗುತ್ತೇನೆ, ಒರೆ ಹಚ್ಚುತ್ತೇನೆ, ಗಡುವು ಬರೆಯುತ್ತೇನೆ.
ಇಲ್ಲಿ ಯಾರೂ ಹೆಸರು ಹೇಳುವುದಿಲ್ಲ.
'ನಾನು ಕೆಂಪು ಡ್ರಿಲ್ಲಿಂಗ್ ಮಷೀನು' ಅನ್ನುತ್ತಾರೆ,
'ನಾನು ನರಿ ತುಪ್ಪಳದ ಕೋಟು, ಹೋದ ಮಂಗಳವಾರ.'
ಸರಿ ಕೋಟು, ಕೂತಿರು, ಕರೀತೀನಿ, ಅನ್ನುತ್ತೇನೆ ನಾನೂ.
ನನ್ನನ್ನು ಅವರು ಕಿಟಕಿ ಅನ್ನುತ್ತಾರೆ.

ಕೋಟಿನ ಹೆಸರು ಚಿನಾರಾ.
ಇಪ್ಪತ್ತನಾಲ್ಕು ಕಂತಿನಲ್ಲಿ ಕೊಂಡದ್ದು.
ಕೋಟಿನ ಕಂತು ಕಟ್ಟಲು ಕೋಟನ್ನೇ ತಂದಿಡುತ್ತಾಳೆ,
ಯಾರದಾದರೂ ಮದುವೆಯ ಹಿಂದಿನ ಸಂಜೆ ಬಿಡಿಸಿಕೊಳ್ಳುತ್ತಾಳೆ.
ಬರುವಾಗ ಗೋಡೆಗೆ ಒತ್ತಿಕೊಂಡು ಬರುತ್ತಾಳೆ.
ಹೋಗುವಾಗ
ಬೀಗ ರಿಪೇರಿಯವನು ಎದ್ದು ದಾರಿ ಬಿಡುತ್ತಾನೆ.

ಎರ್ಮೆಕ್ ಬಂದದ್ದು ಶುಕ್ರವಾರ.
ಟ್ಯಾಕ್ಸಿ ಅವನದು, ಫೋನಿಲ್ಲದೆ ಟ್ಯಾಕ್ಸಿ ಬರೀ ತಗಡು.
ಆದರೂ ಅಡವಿಟ್ಟಿದ್ದ. ಭಾವನ ಮನೆಯ ಔತಣಕ್ಕೆ
ಕುರಿಯಿಲ್ಲದೆ ಹೋದರೆ, ಅಂದಿದ್ದ,
ನಾನು ಯಾರು ಅಂತ ಅವರು ಕೇಳುವುದಿಲ್ಲವೇ?
ಈಗ ದುಡ್ಡು ತಂದಿದ್ದ, ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ.
ಚೀಟಿ ಮಾತ್ರ ಪ್ಯಾಂಟಿನ ಜೇಬಿನಲ್ಲೇ ಒಗೆದು ಹೋಗಿತ್ತು.
'ಗುರುತಿನ ಪತ್ರ?'
'ಫೋನಿನಲ್ಲಿದೆ.'
'ಫೋನು?'
'ನಿಮ್ಮಲ್ಲಿದೆ.'

ನನಗವನು ಗೊತ್ತು. ಅವನ ಕೆಮ್ಮು ಗೊತ್ತು.
ಆದರೆ ರಿಜಿಸ್ಟರಿನಲ್ಲಿ 'ಗೊತ್ತು' ಎಂಬ ಕಾಲಂ ಇಲ್ಲ.
ಡ್ರಾಯರು ಎಳೆದೆ. ಹದಿನೇಳು ಫೋನು ಒಳಗೆ,
ದಿನ ಬಿಟ್ಟು ದಿನ ಚಾರ್ಜು ಕೊಡುತ್ತೇನೆ ಎಲ್ಲಕ್ಕೂ,
ಬೇರೆಯವರ ದನಕ್ಕೆ ಮೇವಿಟ್ಟ ಹಾಗೆ.
ಅಂಕೆ ಒತ್ತುತ್ತೇನೆ ಅಂದ. ಅಂಕೆ ಯಾರೂ ಕದಿಯಬಹುದು,
ಮುಖ ತೋರಿಸು ಅಂದೆ,
ಸರಳಿನ ಎದುರಿಗೆ ಹಿಡಿದೆ, ಕನ್ನಡಿ ಹಿಡಿದ ಹಾಗೆ.
ಅಲ್ಲ. ಶವಾಗಾರದಲ್ಲಿ ಬಟ್ಟೆ ಸರಿಸಿ
ಇವನೇನಾ, ಎಂದು ನೆಂಟರನ್ನು ಕೇಳುವ ಹಾಗೆ.

ಫೋನು ನೋಡಿತು. ಒಪ್ಪಲಿಲ್ಲ.
ಟೋಪಿ ತೆಗೆದ. ಒಪ್ಪಲಿಲ್ಲ.
ಇಪ್ಪತ್ತಾರು ದಿನದಲ್ಲಿ ಗಡ್ಡ ಬಂದಿತ್ತು, ಕೆನ್ನೆ ಇಳಿದಿತ್ತು.
ಸಾಲಿನಲ್ಲಿದ್ದ ಡ್ರಿಲ್ಲಿಂಗ್ ಮಷೀನು ಬೇಸತ್ತು ಅಂದ:
'ಕೊಂಡ ದಿನ ಹೇಗಿದ್ದೆಯೋ ಹಾಗೆ ನಿಲ್ಲು ಮಾರಾಯ.'

ಕೊಂಡ ದಿನ!
ಅಂಗಡಿಯ ಆ ಹಾಲು ಬೆಳಕು,
ಡಬ್ಬಿಯ ಮುಚ್ಚಳ ಉಸಿರೆಳೆದುಕೊಂಡು ಮೇಲೆದ್ದದ್ದು,
ಹುಡುಗಿಯೊಬ್ಬಳು ಅವನನ್ನು 'ಸಾರ್' ಎಂದದ್ದು.
ಎರ್ಮೆಕನ ಬೆನ್ನು ನೆಟ್ಟಗಾಯಿತು,
ಗಲ್ಲ ಒಂದಂಗುಲ ಮೇಲೇರಿತು,
ಯಾರಿಗೂ ಏನೂ ಕೊಡಬೇಕಿಲ್ಲದವನ ನಗೆ ನಕ್ಕ.

ತೆರೆಯಿತು.
ಒಳಗಿನ ಚಿತ್ರದಲ್ಲಿ ಅವನೇ,
ಯಾರದೋ ಬಿಳಿ ಜೀಪಿಗೆ ಒರಗಿ.

ದಿನಾ ಬರೆಯುವ ಎರಡು ಕಾಲಂ: ಒಡವೆ, ಒಡೆಯ.
ಆವತ್ತು ಪೆನ್ನು ಎರಡರ ನಡುವಿನ ಗೆರೆಯ ಮೇಲೆ
ತುಸು ಹೊತ್ತು ನಿಂತಿತು. ಆಮೇಲೆ ಬರೆಯಿತು, ಎಂದಿನಂತೆ.
ಅವನು ಥ್ಯಾಂಕ್ಸ್ ಹೇಳಿದ್ದು ಫೋನಿಗೋ ನನಗೋ ತಿಳಿಯಲಿಲ್ಲ.

ಆರಕ್ಕೆ ಶಟರ್ ಎಳೆದೆ.
ನನ್ನ ಬೂಟು, ಗಡಿಯಾರ, ಈ ಹರಳಿನ ಓಲೆ,
ಎಲ್ಲವೂ ಗಡುವು ಮೀರಿದ ಕಪಾಟಿನವು,
ಕೆಲಸದವರಿಗೆ ಮೂರನೇ ಒಂದು ಬೆಲೆ.
ಮಿನಿಬಸ್ಸಿನಲ್ಲಿ ಎದುರು ಕೂತ ಹೆಂಗಸು
ನನ್ನ ಕಿವಿಯನ್ನೇ ನೋಡುತ್ತಿದ್ದಳು,
ಜಾತ್ರೆಯಲ್ಲಿ ಕೈ ತಪ್ಪಿದ ತಂಗಿಯನ್ನು ಕಂಡಂತೆ.
ನನ್ನ ಸ್ಟಾಪು ಇನ್ನೂ ದೂರವಿತ್ತು.
ಕೂದಲನ್ನು ಮುಂದಕ್ಕೆ ಎಳೆದುಕೊಂಡೆ.